ನಮ್ಮವರೇ ಆದ ನಿಷ್ಪಕ್ಷಪಾತಿಗಳು

ಆರೋಪಿಗೆ ನಿಷ್ಪಕ್ಷಪಾತ ಜ್ಯೂರಿ, ಅಂದರೆ ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವ ಸಾಮಾನ್ಯ ನಾಗರಿಕರ ತಂಡ, ದೊರೆಯಬೇಕೆಂದು ಅಮೆರಿಕದ ಸಂವಿಧಾನದ ಆರನೆಯ ತಿದ್ದುಪಡಿ ಹೇಳುತ್ತದೆ. ಅಲ್ಲಿನ ವಕೀಲರೂ ಇದನ್ನು ಮನಸಾರೆ ಒಪ್ಪುತ್ತಾರೆ. ಆ ನಿಷ್ಪಕ್ಷಪಾತಿಗಳು ತಮ್ಮ ಕಡೆಯವರಾಗಿರಬೇಕು ಎಂಬುದಷ್ಟೇ ಉಭಯಪಕ್ಷಗಳ ವಿನಮ್ರ ಕೋರಿಕೆ.

ಇದನ್ನು ಈಡೇರಿಸಲೆಂದೇ, ಜ್ಯೂರಿಗೆ ಕರೆಬಂದವರಲ್ಲಿ ಯಾರು ಇರಲಿ, ಯಾರು ಬೇಡ ಎಂದು ವಕೀಲರಿಗೆ ಹೇಳಿಕೊಡುವ ಜ್ಯೂರಿ ಸಲಹೆಗಾರರಿದ್ದಾರೆ. ಹೆಣ್ಣು ನೋಡಲು ಬಂದ ಸೋದರತ್ತೆಯಂತೆ ಅವರು ಮೂಲೆಯಲ್ಲಿ ಕುಳಿತು, ಯಾರು ಕೈಕಟ್ಟಿದರು, ಯಾರು ನಕ್ಕರು, ಯಾರು ಕಣ್ಣು ತಪ್ಪಿಸಿದರು ಎಂಬುದನ್ನೆಲ್ಲ ಗುರುತು ಹಾಕಿಕೊಳ್ಳುತ್ತಾರೆ. 1994ರಲ್ಲಿ ಪ್ರಸಿದ್ಧ ಫುಟ್‌ಬಾಲ್ ಆಟಗಾರನಾಗಿದ್ದ ಓ.ಜೆ. ಸಿಂಪ್ಸನ್‌ನ ಕೊಲೆ ಪ್ರಕರಣಕ್ಕೆ ಲಾಸ್ ಏಂಜಲೀಸ್‌ನಲ್ಲಿ ಕರೆಬಂದವರ ಕೈಗೆ 294 ಪ್ರಶ್ನೆಗಳ ಕಟ್ಟೊಂದನ್ನು ಕೊಡಲಾಯಿತು. ಪ್ರಸಿದ್ಧರ ಹಸ್ತಾಕ್ಷರ ಕೇಳಿದ್ದುಂಟೇ ಎಂಬುದೂ ಅದರಲ್ಲಿತ್ತು. ನಮ್ಮ ಜೋಯಿಸರು 36 ಗುಣಗಳಿಗೇ ತೃಪ್ತರಾಗುತ್ತಾರೆ, ಪಾಪ. ಹೀಗೆ ಜರಡಿ ಹಿಡಿದು ಆರಿಸಿದ ಜ್ಯೂರಿ, ತಿಂಗಳುಗಟ್ಟಲೆ ಸಾಕ್ಷ್ಯ ಕೇಳಿ, ನಾಲ್ಕು ಗಂಟೆಯೊಳಗೆ ತೀರ್ಮಾನ ಮುಗಿಸಿ ಎದ್ದಿತು.

ಪ್ರಶ್ನೆಗಳು ಉತ್ತರಕ್ಕಾಗಿಯೇ ಇರುತ್ತವೆಂದು ತಿಳಿಯಬಾರದು. "ಪೊಲೀಸರೂ ತಪ್ಪು ಮಾಡಬಲ್ಲರೆಂದು ನೀವು ಒಪ್ಪುವಿರಲ್ಲವೇ?" ಎಂದು ಕೇಳುವ ವಕೀಲರಿಗೆ ಬೇಕಾದದ್ದು ಮಾಹಿತಿಯಲ್ಲ, ವಾದ ಆರಂಭವಾಗುವ ಮೊದಲೇ ಬೀಜ ಬಿತ್ತಿ, ಹೌದೆಂದು ತಲೆಯಾಡಿಸಿದವರಿಂದ ಮುಂಗಡ ಪಡೆಯುವುದು.

ಒಲ್ಲದವರನ್ನು ಕಾರಣ ಹೇಳದೆಯೇ ಕೈಬಿಡುವ ಹಕ್ಕೂ ಎರಡೂ ಕಡೆಗೆ ಇಂತಿಷ್ಟು ಬಾರಿ ಉಂಟು. ಅದನ್ನು ಜನಾಂಗದ ಆಧಾರದಲ್ಲಿ ಚಲಾಯಿಸಬಾರದೆಂದು ಸುಪ್ರೀಂ ಕೋರ್ಟ್ 1986ರಲ್ಲಿ ವಿಧಿಸಿದ ಮೇಲೆ, ಸಂಶಯ ಬಂದರೆ ಬೇರೊಂದು ಕಾರಣ ಒಪ್ಪಿಸಬೇಕಾದ ಸಂಕಟ ಒದಗಿತು. ಮರುವರ್ಷ ಜಾರ್ಜಿಯಾ ರಾಜ್ಯದ ಫಾಸ್ಟರ್ ಕೊಲೆ ಮೊಕದ್ದಮೆಯಲ್ಲಿ ಸರ್ಕಾರಿ ವಕೀಲರು ಉಳಿದಿದ್ದ ನಾಲ್ವರು ಕಪ್ಪುವರ್ಣೀಯರನ್ನೂ ಕೈಬಿಟ್ಟರು. ಅವರಲ್ಲಿ 34 ವರ್ಷದ ಮಹಿಳೆಯೊಬ್ಬರ ವಿರುದ್ಧ ಹೇಳಿದ ಕಾರಣಗಳಲ್ಲೊಂದು, ಆಕೆಯ ವಯಸ್ಸು 19ರ ಆರೋಪಿಯ ವಯಸ್ಸಿಗೆ ತೀರ ಹತ್ತಿರವಾಗಿತ್ತು ಎಂಬುದು! 21 ವರ್ಷದ ಬಿಳಿಯ ವ್ಯಕ್ತಿಯೊಬ್ಬರು ಮಾತ್ರ ಅದೇ ಜ್ಯೂರಿಯಲ್ಲಿ ಸುಖವಾಗಿ ಕುಳಿತರು. ವಕೀಲರ ಲೆಕ್ಕದಲ್ಲಿ ಹದಿನೈದು ವರ್ಷ ಎರಡಕ್ಕಿಂತ ಕಡಿಮೆ.

ಬಹುಕಾಲದ ಮೇಲೆ ಸರ್ಕಾರಿ ವಕೀಲರ ಕಡತ ಹೊರಬಂದಾಗ, ಕಪ್ಪುವರ್ಣೀಯರ ಹೆಸರುಗಳ ಮೇಲೆಲ್ಲ ಹಸಿರು ಬಣ್ಣ ಬಳಿದಿತ್ತು. ಹಸಿರೆಂದರೆ ಕಪ್ಪು ಎಂಬ ವಿವರಣೆಯನ್ನೂ ಮರೆಯದೆ ಬರೆದಿಡಲಾಗಿತ್ತು. 2016ರಲ್ಲಿ ಸುಪ್ರೀಂ ಕೋರ್ಟ್ ಆ ಆಯ್ಕೆಯನ್ನು ತಪ್ಪೆಂದಿತು. ಅರಿಜೋನಾ ರಾಜ್ಯ 2022ರಿಂದ ಕಾರಣವಿಲ್ಲದೆ ಕೈಬಿಡುವ ಹಕ್ಕನ್ನೇ ರದ್ದುಪಡಿಸಿತು. ಮಿಕ್ಕ ಕಡೆಯ ಜಾಣರು ಹಸಿರು ಪೆನ್ನು ಬಳಸುವುದನ್ನಷ್ಟೇ ನಿಲ್ಲಿಸಿರಬಹುದು.