ಕ್ರಾಸಿಂಗ್ ಇದೆ, ಕೂತಿರಿ

ಮದ್ದೂರಿಗೆ ವಡೆಯ ಹೆಸರಿದೆ, ಚನ್ನಪಟ್ಟಣಕ್ಕೆ ಗೊಂಬೆಯ ಹೆಸರಿದೆ. ಅದೇ ಬೆಂಗಳೂರು–ಮೈಸೂರು ದಾರಿಯ ಹೆಜ್ಜಾಲಕ್ಕೆ, ಹನಕೆರೆಗೆ, ಯಲಿಯೂರಿಗೆ ಏನಿದೆ? ಗಾಡಿ ಅಂಥ ಕಡೆ ನಿಂತಾಗಲೆಲ್ಲ ‘ಇಲ್ಲಿ ಯಾರು ಇಳೀತಾರೆ ಅಂತ ನಿಲ್ಲಿಸಿದಾರೋ’ ಎಂದು ಗೊಣಗುವವರು ಎಲ್ಲ ಕಾಲಕ್ಕೂ ಇದ್ದರು. ಯಾರೋ ಇಳಿಯಲಿ ಅಂತ ನಿಲ್ಲಿಸಿದ್ದಲ್ಲ. ಎದುರಿನಿಂದ ಇನ್ನೊಂದು ಗಾಡಿ ಬರುತ್ತಿತ್ತು, ಇದ್ದದ್ದು ಒಂದೇ ಹಳಿ. ಹೀಗೆ ಒಂದು ನಿಂತು ಇನ್ನೊಂದಕ್ಕೆ ದಾರಿ ಕೊಡುವುದೇ ಕ್ರಾಸಿಂಗ್.

1876–78ರ ಬರಗಾಲದಲ್ಲಿ ಹಸಿದವರಿಗೆ ಕೂಲಿ ಸಿಗಲೆಂದು ಈ ದಾರಿಯ ಮಣ್ಣಿನ ಕೆಲಸ ಮಾಡಿಸಿದರು. 1882ರಲ್ಲಿ ಗಾಡಿ ಮೈಸೂರು ಮುಟ್ಟಿತು. ಮೀಟರ್ ಗೇಜಿನ ಒಂಟಿ ಹಳಿ, ಸುಮಾರು 138 ಕಿ.ಮೀ. ನಡುವೆ ದಾಟಿಕೊಳ್ಳಲು ಜಾಗವಿಲ್ಲದಿದ್ದರೆ ಒಂದು ಗಾಡಿ ಹೋಗಿ ಮುಟ್ಟುವ ತನಕ ಎದುರಿನದು ಹೊರಡುವಂತಿಲ್ಲ. ಹಾಗಾಗಿ ಕೆಲವು ಮೈಲಿಗೊಂದು ಲೂಪ್ ಲೈನು, ಅಂದರೆ ಒಂದು ಗಾಡಿ ಪಕ್ಕಕ್ಕೆ ಸರಿದು ನಿಲ್ಲುವ ಹಳಿ, ಅದನ್ನು ಕಾಯಲು ಒಬ್ಬ ಸ್ಟೇಷನ್ ಮಾಸ್ತರು, ಮಾಸ್ತರಿಗೊಂದು ಹೆಂಚಿನ ಮನೆ. ಊರು ಪಕ್ಕದಲ್ಲೇ ಇದ್ದರೆ ಊರಿನ ಪುಣ್ಯ. ಇಲ್ಲವಾದರೆ ಹೆಸರು ಮಾತ್ರ ಹಳದಿ ಬೋರ್ಡಿಗೆ ಬಂತು. ಘಟ್ಟದ ಕೆಳಗಿನ ಸುಬ್ರಹ್ಮಣ್ಯ ರೋಡ್ ಇರುವುದು ನೆಟ್ಟಣದಲ್ಲಿ. ದೇವರು ಅಲ್ಲಿಂದ ಸುಮಾರು 12 ಕಿ.ಮೀ. ದೂರ. ಕೊನೆಗೆ ‘ರೋಡ್’ ಎಂದು ಸೇರಿಸಿ ರೈಲ್ವೆಯವರು ತಮ್ಮ ಪ್ರಾಮಾಣಿಕತೆ ಉಳಿಸಿಕೊಂಡರು.

ಒಂಟಿ ಹಳಿಯ ಮೇಲೆ ನಂಬಿಕೆಗೆ ಜಾಗವಿಲ್ಲ, ಜಾಗವಿದ್ದದ್ದು ಟೋಕನ್ ಎಂಬ ಉಕ್ಕಿನ ಗುಂಡಿಗೆ ಮಾತ್ರ. ಮುಂದಿನ ಸ್ಟೇಷನ್ನಿನ ತನಕ ಹೋಗಲು ಗಾಡಿಗೆ ಅದೇ ಅನುಮತಿ. ನೀಲ್ಸ್ ಟೋಕನ್ ಯಂತ್ರ ಅಕ್ಕಪಕ್ಕದ ಎರಡು ಸ್ಟೇಷನ್ನುಗಳಲ್ಲೂ ಒಂದೊಂದು ಇರುತ್ತಿತ್ತು, ನಡುವೆ ತಂತಿ. ಮುಂದಿನ ಮಾಸ್ತರು ಲೈನ್ ಕ್ಲಿಯರ್, ಅಂದರೆ ಹಳಿ ಖಾಲಿ ಇದೆ ಬರಬಹುದು ಎಂಬ ಒಪ್ಪಿಗೆ, ಕೊಟ್ಟರೆ ಇಲ್ಲಿ ಒಂದು ಗುಂಡು ಉದುರುತ್ತದೆ. ಒಮ್ಮೆ ಅದು ಹೊರಬಂದರೆ, ಮತ್ತೆ ಯಂತ್ರದೊಳಗೆ ಬೀಳುವ ತನಕ ಎರಡೂ ಕಡೆ ಇನ್ನೊಂದು ಬರುವುದಿಲ್ಲ. ಗುಂಡನ್ನು ಚರ್ಮದ ಚೀಲಕ್ಕೆ ಹಾಕಿ, ಚೀಲವನ್ನು ಬೆತ್ತದ ಬಳೆಗೆ ಸಿಕ್ಕಿಸಿ ಸ್ಟೇಷನ್ನಿನ ಕೆಲಸಗಾರ ಪಾಯಿಂಟ್ಸ್‌ಮನ್ ಎತ್ತಿ ಹಿಡಿಯುತ್ತಿದ್ದ. ಎಂಜಿನ್ನಿನವನು ಹಳೆಯದನ್ನು ಎಸೆದು ಹೊಸದಕ್ಕೆ ತೋಳು ಕೊಡುತ್ತಿದ್ದ. ತೋಳಿಗೆ ಸಿಗದಿದ್ದರೆ ಗಾಡಿ ನಿಲ್ಲಿಸಿ ಹಿಂದಕ್ಕೆ ನಡೆದು ಬರಬೇಕು. ಗುಂಡು ಪೊದೆಗೆ ಬಿದ್ದು ಕಾಣೆಯಾದರಂತೂ ಯಂತ್ರ ಕೈಕೊಟ್ಟಂತೆಯೇ: ಮಾಸ್ತರಿಬ್ಬರೂ ಫೋನಿನಲ್ಲಿ ಗುಟ್ಟಿನ ನಂಬರು ಬದಲಿಸಿಕೊಂಡು ಪ್ರತಿ ಗಾಡಿಗೂ ಕಾಗದದ ಅನುಮತಿ ಬರೆದು ಕೊಡಬೇಕು. ಇನ್ನೊಂದು ಪೀಕಲಾಟವೂ ಉಂಟು. ಹೋದಷ್ಟೇ ಗಾಡಿ ವಾಪಸು ಬರದಿದ್ದರೆ ಗುಂಡುಗಳೆಲ್ಲ ಒಂದೇ ಕಡೆ ಸೇರಿ ಈಚೆಯ ಯಂತ್ರ ಬರಿದಾಗುತ್ತದೆ. ಆಗ ಸಿಗ್ನಲ್ ಇಲಾಖೆಯವರು ಬಂದು ಯಂತ್ರ ತೆಗೆದು, ಗುಂಡು ಎಣಿಸಿ, ಹೊತ್ತು ತಂದು ಹಂಚಬೇಕು.

ಪ್ಲಾಟ್‌ಫಾರಂ ಕಣ್ಣಿಗೆ ಕಾಣುತ್ತಿದ್ದರೂ ಗಾಡಿಯನ್ನು ಹೊರಗೇ ನಿಲ್ಲಿಸುತ್ತಾರಲ್ಲ, ಅದಕ್ಕೂ ಮಾಸ್ತರನ್ನು ಬೈಯುವುದುಂಟು. ಒಳಬರುವ ಗಾಡಿ ನಿಲ್ಲಬೇಕಾದ ಸಿಗ್ನಲ್ ದಾಟಿ ಜಾರಿದರೂ ಅಪಾಯವಾಗದಂತೆ, ಅದರ ಮುಂದೆ ಬಣ್ಣದ ದೀಪದ ಸಿಗ್ನಲ್ಲಾದರೆ ಕನಿಷ್ಠ 120 ಮೀಟರ್, ಹಳೆಯ ಕೈಮರವಾದರೆ 180 ಮೀಟರ್ ಹಳಿ ಖಾಲಿ ಇರಬೇಕು. ಆ ಜಾಗವಾಗಲಿ, ಜಾರಿದ ಗಾಡಿಯನ್ನು ಹಿಡಿಯುವ ಮರಳಿನ ದಿಬ್ಬವಾಗಲಿ ಇಲ್ಲದ ಕಡೆ ಎರಡೂ ಗಾಡಿಯನ್ನು ಒಟ್ಟಿಗೆ ಒಳಗೆ ಕರೆಯುವಂತಿಲ್ಲ. ಮೊದಲನೆಯದು ಬಂದು ನಿಲ್ಲಬೇಕು, ಆಮೇಲೆ ಎರಡನೆಯದು. ಲೂಪಿಗೆ ತಿರುಗುವಾಗ ವೇಗ ಸಾಮಾನ್ಯವಾಗಿ 15 ಕಿ.ಮೀ., ಹಳಿ ಕವಲೊಡೆಯುವ ಜಾಗದ ಪಾಯಿಂಟ್ ಒಳ್ಳೆಯದಿದ್ದರೆ 30. ಒಂದು ಕ್ರಾಸಿಂಗ್ ಇಪ್ಪತ್ತು ನಿಮಿಷ ನುಂಗುವುದು ನಿಂತದ್ದರಿಂದ ಮಾತ್ರವಲ್ಲ, ಹೀಗೆ ತೆವಳಿದ್ದರಿಂದಲೂ.

1990ರ ದಶಕದಲ್ಲಿ ಮೈಸೂರು ದಾರಿ ಬ್ರಾಡ್‌ಗೇಜ್ ಆಯಿತು, ಆಮೇಲೆ ಜೋಡಿ ಹಳಿ. ಅದಕ್ಕೆ ಅಡ್ಡವಿದ್ದ ಶ್ರೀರಂಗಪಟ್ಟಣದ ಟಿಪ್ಪು ಕಾಲದ ಮದ್ದಿನ ಮನೆಯನ್ನು, ಅಂದರೆ ಮದ್ದುಗುಂಡಿನ ಉಗ್ರಾಣವನ್ನು, 2017ರಲ್ಲಿ ಜಾಕ್ ಕೊಟ್ಟು ಎತ್ತಿ, ಇಡಿಯಾಗಿ ನೂರಾರು ಅಡಿ ಆಚೆ ಸರಿಸಿದರು. ಮದ್ದಿನ ಮನೆ ಉಳಿಯಿತು, ಕ್ರಾಸಿಂಗ್ ಹೋಯಿತು. ಈಗ ಲೂಪಿಗೆ ಹೋಗುವುದು ಬೆನ್ನಿಗೆ ಬರುವ ವೇಗದ ಗಾಡಿಗೆ ದಾರಿ ಬಿಡಬೇಕಾದದ್ದು ಮಾತ್ರ. ಗಾಡಿಗಳಿಗೆಂದು ಕಟ್ಟಿದ ಸ್ಟೇಷನ್ನು ಮೊದಲ ಬಾರಿಗೆ ಬರೀ ಜನರಿಗಾಗಿ ಉಳಿಯಿತು. ಜನರಿಗಾಗಿ ಎಂದಕೂಡಲೇ ಅದರ ಆದಾಯ ಎಷ್ಟು ಎಂಬ ಪ್ರಶ್ನೆಯೂ ಬಂತು.

ಕೊರೊನಾ ಮುಗಿದು ಪ್ಯಾಸೆಂಜರ್‌ಗಳು ಮರಳಿದ್ದು ನಂಬರಿನ ತಲೆಗೆ ಸೊನ್ನೆ ಹಚ್ಚಿಕೊಂಡು, ‘ಎಕ್ಸ್‌ಪ್ರೆಸ್ ಸ್ಪೆಷಲ್’ ಎಂಬ ಹೆಸರಿನಲ್ಲಿ. ಓಟ ಮೊದಲಿನದೇ, ಕನಿಷ್ಠ ದರ ಮಾತ್ರ 10 ರೂಪಾಯಿಯಿಂದ 30ಕ್ಕೆ ಓಡಿತ್ತು. 2024ರ ಫೆಬ್ರವರಿ ಕೊನೆಗೆ ಮತ್ತೆ ಹತ್ತಕ್ಕಿಳಿಯಿತು.

ಇನ್ನೂ ಕೆಳಗಿನ ಮೆಟ್ಟಿಲು ಹಾಲ್ಟ್. ಸಿಗ್ನಲ್ಲಿಲ್ಲ, ಲೂಪಿಲ್ಲ, ಮಾಸ್ತರೂ ಇಲ್ಲ. ಟಿಕೆಟ್ ಮಾರುವುದು ಕಮಿಷನ್ನಿನ ಏಜೆಂಟರು. ಅವರು ಪಕ್ಕದ ಸ್ಟೇಷನ್ನಿನಿಂದ ಟಿಕೆಟ್ ಕಟ್ಟು ತರುತ್ತಾರೆ. ರಟ್ಟಿನ ಟಿಕೆಟಾದರೆ ಸಣ್ಣ ನಂಬರಿನಿಂದ ಕೊಡುತ್ತ ಹೋಗಿ, ಸಂಜೆಯ ನಂಬರಿನಿಂದ ಬೆಳಗಿನದನ್ನು ಕಳೆದರೆ ದಿನದ ಮಾರಾಟ. ಕಟ್ಟಿನಲ್ಲಿರುವುದು ಕೆಲವೇ ಊರುಗಳ ಟಿಕೆಟ್ಟು, ದೂರ ಹೋಗುವವರು ದೊಡ್ಡ ಸ್ಟೇಷನ್ನಿನಲ್ಲಿ ಇಳಿದು ಮತ್ತೆ ಕ್ಯೂ ನಿಲ್ಲಬೇಕು. ಮೊಬೈಲಿನಲ್ಲಿ ತೆಗೆದರೆ ಆ ರಗಳೆಯಿಲ್ಲ. ಆದರೆ ಏಜೆಂಟರ ಕಮಿಷನ್ ಲೆಕ್ಕವಾಗುವುದು ಅವರ ಕೈಯಿಂದ ಹೋದ ಟಿಕೆಟಿಗೆ. ಅದು ಹೊಟ್ಟೆಗೆ ಸಾಲದಾದರೆ ಅವರು ಬಿಟ್ಟು ಹೋಗುತ್ತಾರೆ, ಟೆಂಡರಿಗೆ ಇನ್ನೊಬ್ಬರು ಬರುವ ತನಕ ಆ ಕಿಟಕಿ ಮುಚ್ಚಿಯೇ ಇರುತ್ತದೆ.