ಗುಂಡಿಲ್ಲದ ಪಿಸ್ತೂಲಿನ ಅಭ್ಯಾಸ

ಆತ್ಮರಕ್ಷಣೆಗೆಂದು ಪರವಾನಗಿ ಪಡೆದು ಪಿಸ್ತೂಲು ಕೊಂಡ ಹಲವರನ್ನು ನಾನು ಬಲ್ಲೆ. ಅವರಲ್ಲಿ ಹೆಚ್ಚಿನವರು ಹೊಸತರಲ್ಲಿ ಒಂದೆರಡು ಸಲ ಶೂಟಿಂಗ್ ರೇಂಜಿಗೆ ಹೋಗಿ, ಐವತ್ತು ಗುಂಡು ಹಾರಿಸಿ, ಕಾಗದದ ಮೇಲೆ ಬಿದ್ದ ತೂತುಗಳನ್ನು ಎಣಿಸಿ ಸಮಾಧಾನಪಟ್ಟು, ಆಮೇಲೆ ಅದನ್ನು ಬೀರುವಿನೊಳಗಿಟ್ಟು ಮರೆತವರು. ಆಪತ್ತು ಬಂದರೆ ಮನೆಯಲ್ಲಿ ಆಯುಧವಿದೆ ಎಂಬ ಧೈರ್ಯದಲ್ಲಿ ಅವರು ಬದುಕುತ್ತಿದ್ದಾರೆ. ನನಗೂ ಒಂದು ಕಾಲದಲ್ಲಿ ಅದೇ ಧೈರ್ಯವಿತ್ತು. ಅಭ್ಯಾಸ ಮಾಡದವರ ಕೈಯಲ್ಲಿ ಪಿಸ್ತೂಲು ದಾಳಿಕೋರನಿಗಿಂತ ಮನೆಯವರಿಗೇ ಹೆಚ್ಚು ಅಪಾಯಕಾರಿ ಎಂದು ಇವತ್ತು ನಾನು ದೃಢವಾಗಿ ನಂಬಿದ್ದೇನೆ.

ನನ್ನ ಕಣ್ಣು ತೆರೆಸಿದ್ದು ಒಂದು ಸಣ್ಣ ಪರೀಕ್ಷೆ. ತರಬೇತುದಾರರು ನನ್ನ ಮ್ಯಾಗಝಿನ್ನನ್ನು, ಅಂದರೆ ಪಿಸ್ತೂಲಿಗೆ ಸೇರಿಸುವ ಗುಂಡಿನ ಡಬ್ಬಿಯನ್ನು, ತಾವೇ ತುಂಬಿ ಕೊಟ್ಟರು. ನಿಜವಾದ ಗುಂಡುಗಳ ನಡುವೆ ಅಲ್ಲಲ್ಲಿ ಸಿಡಿಯದ ಡಮ್ಮಿ ಗುಂಡುಗಳನ್ನು ಸೇರಿಸಿದ್ದರು, ಯಾವುದು ಎಲ್ಲಿದೆ ಎಂದು ನನಗೆ ತಿಳಿಯದಂತೆ. ಮೊದಲ ಎರಡು ಗುಂಡು ಹಾರಿದವು. ಮೂರನೆಯ ಸಲ ಟ್ರಿಗರ್ ಒತ್ತಿದಾಗ ‘ಟಿಕ್’ ಎಂಬ ಸದ್ದು ಮಾತ್ರ ಬಂತು, ಆದರೆ ಪಿಸ್ತೂಲಿನ ಮೂತಿ ಎರಡು ಬೆರಳಿನಷ್ಟು ಕೆಳಕ್ಕೆ ಕುಸಿಯಿತು. ಸಿಡಿತವೇ ಇರಲಿಲ್ಲ, ಒದೆತವೂ ಇರಲಿಲ್ಲ; ಒದೆತ ಬರುತ್ತದೆಂದು ನನ್ನ ಮಣಿಕಟ್ಟು ಮುಂಚಿತವಾಗಿಯೇ ಹೆದರಿ ಮೂತಿಯನ್ನು ಕೆಳಕ್ಕೆ ಅದುಮಿತ್ತು. ನಿಜವಾದ ಗುಂಡು ಹಾರುವಾಗ ಆ ಸದ್ದು ಮತ್ತು ಜಿಗಿತದ ನಡುವೆ ಈ ತಪ್ಪು ಕಾಣಿಸುವುದೇ ಇಲ್ಲ. ಅಷ್ಟು ದಿನ ನನ್ನ ಗುಂಡುಗಳು ಏಕೆ ಕೆಳಗೇ ಬೀಳುತ್ತಿದ್ದವು ಎಂಬುದು ಆ ಕ್ಷಣಕ್ಕೆ ಅರ್ಥವಾಯಿತು, ನಾಚಿಕೆಯೂ ಆಯಿತು.

ಇದರ ಹಿಂದಿನ ಲೆಕ್ಕ ಸರಳವಾದದ್ದು. ಪೊಲೀಸರು, ಸೈನಿಕರು ಬಳಸುವಂಥ ಸಾಮಾನ್ಯವಾದ ಸರ್ವಿಸ್ ಪಿಸ್ತೂಲು ಒಂದು ಕಿಲೋಗಿಂತ ಹಗುರ, ಆದರೆ ಅದರ ಟ್ರಿಗರ್ ಎಳೆಯಲು ಬೇಕಾದ ಬಲ ಸುಮಾರು 2.5 ಕಿಲೋ ತೂಕಕ್ಕೆ ಸಮ. ತನ್ನ ತೂಕಕ್ಕಿಂತ ಹೆಚ್ಚಿನ ಬಲ ಬಿದ್ದಾಗ ಯಾವ ವಸ್ತುವೂ ಅಲುಗಾಡದೆ ಇರುವುದು ಕಷ್ಟ. ಗುರಿ ಹಿಡಿಯಲು ಪಿಸ್ತೂಲಿನ ಮೇಲಿರುವ ಎರಡು ಗುರುತುಗಳಲ್ಲಿ, ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವಿನ ಅಂತರ 16 ಸೆಂಟಿಮೀಟರ್ ಎಂದುಕೊಂಡರೆ, ಮುಂದಿನ ಸೈಟು ಬರೀ ಒಂದು ಮಿಲಿಮೀಟರ್ ಓರೆಯಾದರೂ 7 ಮೀಟರ್ ದೂರದಲ್ಲಿ ಗುಂಡು ನಾಲ್ಕು ಸೆಂಟಿಮೀಟರಿಗಿಂತ ಹೆಚ್ಚು ಆಚೆಗೆ ಬೀಳುತ್ತದೆ. ಸೈಟುಗಳ ಸಾಲು ಕೆಡದೆ ಇಡೀ ಕೈ ಒಂದು ಮಿಲಿಮೀಟರ್ ಸರಿದರೆ ಗುಂಡು ಕೂಡ ಅಷ್ಟೇ ಸರಿಯುತ್ತದೆ. ಹಾಗಾಗಿ ಕೈ ನಡುಗುವುದರ ಬಗ್ಗೆ ಹೊಸಬರು ಪಡುವ ಚಿಂತೆ ಬಹುಪಾಲು ಅನವಶ್ಯಕ. ಯಾರ ಕೈಯೂ ಪೂರ್ತಿ ನಿಶ್ಚಲವಾಗಿರುವುದಿಲ್ಲ. ನಡುಗುವ ಕೈಯಲ್ಲೇ ಸೈಟುಗಳ ಸಾಲನ್ನು ಕೆಡಿಸದೆ ಟ್ರಿಗರನ್ನು ನೇರವಾಗಿ ಹಿಂದಕ್ಕೆ ತರುವುದೇ ಕಲಿಯಬೇಕಾದ ವಿದ್ಯೆ.

ಈ ವಿದ್ಯೆಯ ಬಹುಭಾಗವನ್ನು ಒಂದೂ ಗುಂಡು ಖರ್ಚು ಮಾಡದೆ ಕಲಿಯಬಹುದು. ಖಾಲಿ ಪಿಸ್ತೂಲಿನ ಟ್ರಿಗರ್ ಒತ್ತುವ, ಡ್ರೈ ಫೈರ್ ಎಂದು ಕರೆಯುವ ಈ ಅಭ್ಯಾಸವನ್ನು ನಾನು ವಾರದಲ್ಲಿ ನಾಲ್ಕು ದಿನ ಹತ್ತು ನಿಮಿಷ ಮಾಡುತ್ತೇನೆ. ಮ್ಯಾಗಝಿನ್ ತೆಗೆದು, ಪಿಸ್ತೂಲಿನ ಮೇಲಿನ ಜಾರುವ ಭಾಗವಾದ ಸ್ಲೈಡನ್ನು ಹಿಂದಕ್ಕೆಳೆದು ನಿಲ್ಲಿಸಿ, ಗುಂಡು ಕೂರುವ ಗೂಡಾದ ಚೇಂಬರ್ ಬರಿದಾಗಿದೆಯೇ ಎಂದು ಕಣ್ಣಿನಿಂದ ನೋಡಿ, ಕಿರುಬೆರಳು ತೂರಿಸಿ ಮುಟ್ಟಿಯೂ ನೋಡುತ್ತೇನೆ. ಗುಂಡುಗಳೆಲ್ಲ ಬೇರೆ ಕೋಣೆಯಲ್ಲಿರುತ್ತವೆ, ಅಭ್ಯಾಸದ ಕೋಣೆಗೆ ಒಂದೂ ಬರಕೂಡದು. ಗುರಿಯ ಕಾಗದದ ಹಿಂದೆ ಗುಂಡನ್ನು ನಿಜವಾಗಿಯೂ ತಡೆಯಬಲ್ಲ ಗಟ್ಟಿ ಗೋಡೆಯಿರಬೇಕು. ಆಮೇಲೆ ಮುಂದಿನ ಸೈಟಿನ ಮೇಲೆ ಒಂದು ಖಾಲಿ ತೋಟಾವನ್ನು ನಿಲ್ಲಿಸಿ, ಅದು ಬೀಳದಂತೆ ಟ್ರಿಗರ್ ಒತ್ತುವುದು. ಮೊದಲ ವಾರ ನನ್ನದು ಹತ್ತರಲ್ಲಿ ಏಳು ಸಲ ಬೀಳುತ್ತಿತ್ತು, ನೆಲಕ್ಕೆ ಬಡಿದು ಹಿತ್ತಾಳೆಯ ಟಣಟಣ ಸದ್ದು ಮಾಡುತ್ತಿತ್ತು. ಈಗ ಅಪರೂಪಕ್ಕೊಮ್ಮೆ ಬೀಳುತ್ತದೆ. (ತೋಟಾದ ಅಂಚಿಗೆ ಹೊಡೆತ ಬೀಳುವ .22ರಂಥ ರಿಮ್‌ಫೈರ್ ಪಿಸ್ತೂಲುಗಳಲ್ಲಿ ಬರಿ ಚೇಂಬರಿನ ಮೇಲೆ ಹೊಡೆದರೆ ಕೆಲವಕ್ಕೆ ಹಾನಿಯಾಗುತ್ತದೆ. ಅಂಥವನ್ನು ಬಳಸುವವರು ಮೊದಲು ಕೈಪಿಡಿ ನೋಡಲಿ.)

ರೇಂಜಿನಲ್ಲಿ ಕಿವಿಗೆ ಮತ್ತು ಕಣ್ಣಿಗೆ ರಕ್ಷಣೆ ಇಲ್ಲದೆ ಯಾರೂ ಒಂದು ಗುಂಡೂ ಹಾರಿಸಬಾರದು. ಪಿಸ್ತೂಲಿನ ಸಿಡಿತ 150 ಡೆಸಿಬೆಲ್ ದಾಟುತ್ತದೆ, 140ರ ಮೇಲಿನ ಸದ್ದು ಒಂದೇ ಏಟಿಗೆ ಶ್ರವಣವನ್ನು ಕೆಡಿಸಬಲ್ಲದು, ಮತ್ತು ಹೋದ ಕಿವಿ ಮರಳಿ ಬರುವುದಿಲ್ಲ. ಗುಂಡಿನ ಸೀಸದ ಧೂಳು ಕೈಗೆ ಅಂಟಿರುತ್ತದೆ. ಊಟಕ್ಕೆ ಮೊದಲು ಸೋಪಿನಿಂದ ತೊಳೆಯುವುದು ಅಷ್ಟೇ ಮುಖ್ಯ.

ಆದರೆ ಗುರಿ ಹಿಡಿಯುವುದನ್ನು ಕಲಿತ ಮಾತ್ರಕ್ಕೆ ಆಪತ್ತಿಗೆ ಸಿದ್ಧರಾದಂತೆ ಆಗುವುದಿಲ್ಲ. ಕಾಗದ ಓಡಿ ಬರುವುದಿಲ್ಲ. ಜೀವಭಯ ಆವರಿಸಿದಾಗ ಎದೆ ಬಡಿತ ಏರುತ್ತದೆ, ಬೆರಳುಗಳ ಸೂಕ್ಷ್ಮ ಹಿಡಿತ ತಪ್ಪುತ್ತದೆ, ನೋಟ ಸುರಂಗದಂತೆ ಕಿರಿದಾಗುತ್ತದೆ, ಪಕ್ಕದಲ್ಲಿ ಕೂಗಿದ್ದೂ ಕೆಲವೊಮ್ಮೆ ಕೇಳಿಸುವುದಿಲ್ಲ. 1983ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನ್ನಿಸ್ ಟ್ಯೂಲರ್ ಪ್ರಕಟಿಸಿದ ಒಂದು ಲೇಖನ ಈ ಕ್ಷೇತ್ರದಲ್ಲಿ ಇಂದಿಗೂ ಚರ್ಚೆಯಾಗುತ್ತದೆ. ಚಾಕು ಹಿಡಿದವನೊಬ್ಬ 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟಬಲ್ಲ, ಹೋಲ್‌ಸ್ಟರಿನಿಂದ (ಪಿಸ್ತೂಲು ಸಿಕ್ಕಿಸಿಕೊಳ್ಳುವ ಒರೆಯಿಂದ) ಪಿಸ್ತೂಲು ತೆಗೆದು ಗುಂಡು ಹಾರಿಸಲು ತರಬೇತಿ ಪಡೆದವನಿಗೂ ಹೆಚ್ಚುಕಡಿಮೆ ಅಷ್ಟೇ ಸಮಯ ಬೇಕು ಎಂಬುದು ಅದರ ತಿರುಳು. ಅನೇಕರು ಇದನ್ನು ‘21 ಅಡಿಯೊಳಗೆ ಬಂದವನಿಗೆ ಗುಂಡು ಹೊಡೆಯಬಹುದು’ ಎಂಬ ನಿಯಮವನ್ನಾಗಿ ಮಾಡಿಕೊಂಡಿದ್ದಾರೆ, ಅದು ದೊಡ್ಡ ತಪ್ಪು. ನನ್ನ ಓದಿಗೆ ದಕ್ಕಿದ್ದು ಇಷ್ಟು: ದೂರವನ್ನು ಕಾಯ್ದುಕೊಳ್ಳಬೇಕು, ನಡುವೆ ಮೇಜೋ ಬಾಗಿಲೋ ಇರುವಂತೆ ನೋಡಿಕೊಳ್ಳಬೇಕು, ಅಪಾಯವನ್ನು ಬೇಗ ಗುರುತಿಸಿ ಅಲ್ಲಿಂದ ಸರಿಯಬೇಕು. ಪಿಸ್ತೂಲು ಇದಾವುದಕ್ಕೂ ಬದಲಿಯಾಗದು.

1976ರಲ್ಲಿ ಅರಿಝೋನಾದಲ್ಲಿ ಪಿಸ್ತೂಲು ತರಬೇತಿ ಶಾಲೆ ತೆರೆದ ಜೆಫ್ ಕೂಪರ್ ಪ್ರಚಲಿತಗೊಳಿಸಿದ ನಾಲ್ಕು ನಿಯಮಗಳನ್ನು ಈಗ ಲೋಕದ ಹಲವು ರೇಂಜುಗಳಲ್ಲಿ ಹೇಳಿಕೊಡುತ್ತಾರೆ: ಪ್ರತಿ ಬಂದೂಕಿನಲ್ಲೂ ಗುಂಡಿದೆ ಎಂದೇ ನಡೆದುಕೊಳ್ಳುವುದು, ನಾಶಮಾಡಲು ಒಪ್ಪದ ಯಾವುದರತ್ತಲೂ ಮೂತಿ ತಿರುಗಿಸದಿರುವುದು, ಸೈಟುಗಳು ಗುರಿಗೆ ಬರುವವರೆಗೆ ಟ್ರಿಗರಿನಿಂದ ಬೆರಳು ದೂರವಿಡುವುದು, ಗುರಿ ಯಾವುದು ಮತ್ತು ಅದರ ಹಿಂದೆ ಏನಿದೆ ಎಂದು ಖಚಿತಪಡಿಸಿಕೊಳ್ಳುವುದು. ಮೊದಲ ಮೂರನ್ನು ಅಭ್ಯಾಸದಿಂದ ಮೈಗೂಡಿಸಿಕೊಳ್ಳಬಹುದು. ನಾಲ್ಕನೆಯದಕ್ಕೆ ಮಾತ್ರ ಪ್ರತಿ ಸಲವೂ ಹೊಸದಾಗಿ ಯೋಚಿಸಬೇಕು, ನನಗೆ ಭಯವಿರುವುದೂ ಅದರ ಬಗ್ಗೆಯೇ. ಪಿಸ್ತೂಲಿನ ಗುಂಡು ಮನೆಯೊಳಗಿನ ತೆಳು ಗೋಡೆಗಳನ್ನು ಸುಲಭವಾಗಿ ತೂರಿ ಪಕ್ಕದ ಕೋಣೆ ಸೇರುತ್ತದೆ. ನಡುರಾತ್ರಿ ಕತ್ತಲಲ್ಲಿ ಕಂಡ ಆಕೃತಿ ನೀರು ಕುಡಿಯಲು ಎದ್ದ ಮಗನದ್ದಾಗಿರಬಹುದು, ನಿದ್ದೆ ಬಾರದ ಅಮ್ಮನದ್ದಾಗಿರಬಹುದು. ಆದ್ದರಿಂದ ನನ್ನ ಮಟ್ಟಿಗೆ ಕೈಯಲ್ಲಿ ಹಿಡಿಯುವ ಒಳ್ಳೆಯ ಟಾರ್ಚು ಪಿಸ್ತೂಲಿಗಿಂತ ಮೊದಲು ಬೇಕಾದ ಸಾಧನ. ‘ಯಾರದು?’ ಎಂದು ಗಟ್ಟಿಯಾಗಿ ಕೇಳುವುದನ್ನೂ ನಾನು ಟ್ರಿಗರಿನಷ್ಟೇ ಶ್ರದ್ಧೆಯಿಂದ ಅಭ್ಯಾಸ ಮಾಡುತ್ತೇನೆ. ಮನೆಯವರೆಲ್ಲ ಒಂದೇ ಕೋಣೆ ಸೇರಿ, ಬಾಗಿಲು ಹಾಕಿಕೊಂಡು, ಪೊಲೀಸರಿಗೆ ಕರೆ ಮಾಡುವ ಕ್ರಮವನ್ನು ಎಲ್ಲರೊಡನೆ ಕೂತು ಮಾತಾಡಿದ್ದೇವೆ, ನಡೆದೂ ನೋಡಿದ್ದೇವೆ. ಹೋದ ವಸ್ತುವನ್ನು ಮತ್ತೆ ಗಳಿಸಬಹುದು; ಪ್ರಾಣಕ್ಕೆ ಆ ಗಳಿಗೆಯಲ್ಲೇ ಅಪಾಯವಿದ್ದು, ಬೇರೆ ದಾರಿ ಉಳಿದಿಲ್ಲದಾಗ ಮಾತ್ರ ಆಯುಧ ಎತ್ತುವ ಮಾತು. ಎಷ್ಟು ಬಲಪ್ರಯೋಗ ಸಮ್ಮತ ಎಂಬುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ, ಆ ಕಾನೂನನ್ನು ಓದದೆ ಪಿಸ್ತೂಲು ಇಟ್ಟುಕೊಳ್ಳುವುದು ಹೊಣೆಗೇಡಿತನ.

ಇನ್ನೂ ಒಂದು ಮಾತು. ಆಪತ್ತಿಗೆ ಸಿದ್ಧತೆ ಎನ್ನುವವರು ರಕ್ತಸ್ರಾವ ನಿಲ್ಲಿಸುವುದನ್ನು, ಅದಕ್ಕೆಂದು ಕೈಕಾಲಿಗೆ ಬಿಗಿಯುವ ಪಟ್ಟಿಯಾದ ಟೂರ್ನಿಕೆಟ್ ಕಟ್ಟುವುದನ್ನು ಕಲಿತಿರಬೇಕು. ರಸ್ತೆ ಅಪಘಾತವಾಗಲಿ ಯಂತ್ರಕ್ಕೆ ಕೈ ಸಿಕ್ಕಿದ್ದಾಗಲಿ, ಆ ವಿದ್ಯೆ ಜೀವಮಾನದಲ್ಲಿ ಬೇಕಾಗುವ ಸಂಭವ ಪಿಸ್ತೂಲಿಗಿಂತ ಬಹಳ ಹೆಚ್ಚು.

ಡ್ರೈ ಫೈರ್ ಅಭ್ಯಾಸದಲ್ಲಿ ಅತಿ ಅಪಾಯದ ಕ್ಷಣ ಅದು ಮುಗಿದ ನಂತರದ್ದು. ಗುಂಡು ತುಂಬಿದ ಮೇಲೆ, ಮನಸ್ಸಿನ್ನೂ ಅಭ್ಯಾಸದಲ್ಲೇ ಇರುವಾಗ, ‘ಇನ್ನೊಂದೇ ಒಂದು ಸಲ’ ಎಂದು ಟ್ರಿಗರ್ ಒತ್ತಿ ಗೋಡೆ ಒಡೆದುಕೊಂಡವರಿದ್ದಾರೆ. ಅದಕ್ಕೇ ನಾನು ಹತ್ತು ನಿಮಿಷ ಆದ ಕೂಡಲೇ ಗುರಿಯ ಕಾಗದವನ್ನು ಗೋಡೆಯಿಂದ ಕಿತ್ತು ಮಡಚುತ್ತೇನೆ, ‘ಅಭ್ಯಾಸ ಮುಗಿಯಿತು’ ಎಂದು ಬಾಯಿಬಿಟ್ಟು ಹೇಳುತ್ತೇನೆ, ಪಿಸ್ತೂಲನ್ನು ಉಕ್ಕಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಕೋಣೆಯಿಂದ ಹೊರಗೆ ಬರುತ್ತೇನೆ. ಮಕ್ಕಳಿಗೆ ಆ ಬೀಗದ ಸಂಖ್ಯೆ ಗೊತ್ತಿಲ್ಲ.