ಸುರಂಗದ ಅಜ್ಜನಿಗೂ ಒಂದು ಪೀರಿಯಡ್ ಕೊಡಿ

ಐದನೇ ಕ್ಲಾಸಿನಲ್ಲಿ ನೀರಿನ ಪಾಠ ನಡೆಯುತ್ತಿತ್ತು. ನಿಮ್ಮ ಮನೆಗೆ ನೀರು ಎಲ್ಲಿಂದ ಬರ್ತದೆ ಅಂತ ಬರೆಯಲು ಹೇಳಿದೆ. ಎಲ್ಲರೂ ಬರೆಯುತ್ತಿದ್ದರು, ಹಿಂದಿನ ಬೆಂಚಿನ ಹುಡುಗ ಮಾತ್ರ ಸುಮ್ನೆ ಕೂತಿದ್ದ. ಯಾಕೆ ಅಂತ ಕೇಳಿದರೆ, "ಟೀಚರ್, ನಮ್ಗೆ ಸುರಂಗದ ನೀರು. ಅದು ಪುಸ್ತಕದಲ್ಲಿ ಇಲ್ಲ. ಬರೀಬಹುದಾ?" ಅಂದ.

ತನ್ನ ಮನೆಯ ನೀರಿನ ಬಗ್ಗೆ ಬರೆಯಲು ಒಂದು ಮಗು ನನ್ನ ಅನುಮತಿ ಕೇಳಿತು. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಕಾಸರಗೋಡಿನ ಹೊರಗಿನ ಗೆಳೆಯರಿಗಾಗಿ ಸ್ವಲ್ಪ ಹೇಳುತ್ತೇನೆ. ನಮ್ಮ ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಗುಡ್ಡದ ಹೊಟ್ಟೆಗೆ ಅಡ್ಡಡ್ಡವಾಗಿ ಕೊರೆದ ಸುರಂಗಗಳಿವೆ. ಒಬ್ಬ ಮನುಷ್ಯ ನಡೆದುಹೋಗುವಷ್ಟು ಎತ್ತರ, ಅಗಲ ತೀರಾ ಕಡಿಮೆ. ಮುರಕಲ್ಲಿನಲ್ಲಿ, ಅಂದರೆ ಇಲ್ಲಿನ ತೂತುತೂತಾದ ಕೆಂಪು ಕಲ್ಲಿನಲ್ಲಿ, ಮಳೆನೀರು ಇಳಿದು ಒಳಗೆ ಜಿನುಗುತ್ತದೆ. ಆ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಹಿಂದೆ ಅಡಿಕೆ ಮರದ ದಂಬೆ (ಟೊಳ್ಳು ಮಾಡಿದ ಕಾಂಡ) ಇಟ್ಟು ಕೆರೆಗೆ ಬಿಡುತ್ತಿದ್ದರು, ಈಗ ಪೈಪು. ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬರುವ ಜಿಲ್ಲೆ ನಮ್ಮದು. ಆದರೂ ಏಪ್ರಿಲ್‌ನಲ್ಲಿ ನೀರಿಗೆ ಪರದಾಡುತ್ತೇವೆ. ಇದು ಯಾಕೆ ಅಂತ ತಿಳಿಯಲು ಇಲ್ಲಿನ ಮಗುವಿಗೆ ಮುರಕಲ್ಲಿಗಿಂತ ಒಳ್ಳೆ ಪಾಠಪುಸ್ತಕ ಬೇಕಾ?

ಮುಂದಿನ ವಾರ ಆ ಹುಡುಗನ ಮನೆಗೆ ಎಲ್ಲರೂ ನಡೆದುಕೊಂಡು ಹೋದೆವು. ಸುರಂಗ ತೋಡಿ ತೋಡಿ ಬೆನ್ನು ಬಾಗಿದ ಅಜ್ಜ ಒಬ್ಬರು ಅಲ್ಲಿಗೆ ಬಂದಿದ್ದರು. ಮಕ್ಕಳನ್ನು ಸುರಂಗದ ಬಾಯಿಯ ಹೊರಗೇ ನಿಲ್ಲಿಸಿ ಮಾತಾಡಿದರು, ಅರ್ಧ ತುಳು, ಅರ್ಧ ಮಲಯಾಳ. ಜಾಗ ನೋಡುವಾಗ ಹುತ್ತ ಎಲ್ಲಿದೆ, ಸುಡುಬೇಸಿಗೆಯಲ್ಲೂ ಯಾವ ಮರ ಹಸಿರಾಗಿದೆ ಅಂತ ನೋಡುತ್ತಾರಂತೆ. ಒಳಗೆ ಹೋಗುವಾಗ ಕೈಯಲ್ಲಿ ಮೇಣದಬತ್ತಿ. ಅದು ನಂದಿತೋ, ಪಿಕ್ಕಾಸು ಅಲ್ಲೇ ಬಿಟ್ಟು ಹೊರಗೆ ಬರಬೇಕು. "ಯಾಕೆ ನಂದ್ತದೆ?" ಅಂತ ಒಬ್ಬಳು ಕೇಳಿದಳು. ಗಾಳಿಯ ಪಾಠ ಅಲ್ಲೇ ಶುರುವಾಯಿತು.

ಅಜ್ಜ ಅಳತೆ ಹೇಳಿದ್ದು ಕೋಲಿನಲ್ಲಿ. ಒಂದು ಕೋಲು ಅಂದರೆ ಸುಮಾರು ಎರಡೂವರೆ ಅಡಿ. ತನ್ನ ಮನೆಯ ಲೆಕ್ಕ ಬೇರೆ ಅಂತ ಒಬ್ಬ ಹುಡುಗ ಜಗಳಕ್ಕೇ ನಿಂತ. ಮಾರನೇ ದಿನ ಮೂರು ಮನೆಗಳಿಂದ ಮೂರು ಕೋಲು ಕ್ಲಾಸಿಗೆ ಬಂದವು, ಟೇಪು ಹಿಡಿದು ಅಳೆದೆವು. ಒಂದಕ್ಕೊಂದು ಹೊಂದಲಿಲ್ಲ. ಇಡೀ ದೇಶಕ್ಕೆ ಒಂದೇ ಅಳತೆ ಯಾಕೆ ಬೇಕು ಅಂತ ನಾನು ಹೇಳಿಕೊಡುವ ಮೊದಲೇ ಅವರೇ ಹೇಳಿಬಿಟ್ಟರು.

ಇದೇನೂ ಹೊಸ ವಿಚಾರ ಅಲ್ಲ. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಕೈಕೆಲಸದ ಮೂಲಕ ಕಲಿಸುವ ಮಾತಾಡಿದ್ದರು. ಶಾಲೆಯ ಹೊರಗಿನ ಬದುಕಿಗೆ ಪಾಠವನ್ನು ಜೋಡಿಸಿ ಅಂತ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಹೇಳಿದೆ. ಆದರೂ ಊರಿನ ತಿಳಿವಳಿಕೆ ಇರುವವರನ್ನು ನಾವು ಶಾಲೆಗೆ ಕರೆಯುವುದು ವಾರ್ಷಿಕೋತ್ಸವಕ್ಕೆ ಮಾತ್ರ. ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೋ ತೆಗೆದು ಕಳಿಸುತ್ತೇವೆ. ಅವರಿಗೆ ಬೇಕಾದದ್ದು ಟೈಮ್‌ಟೇಬಲ್‌ನಲ್ಲಿ ಒಂದು ಪೀರಿಯಡ್. ಜೊತೆಗೆ ಆ ದಿನದ ಕೂಲಿಗೆ ಕಡಿಮೆಯಾಗದ ಗೌರವಧನ. ಅರ್ಧ ದಿನದ ಕೆಲಸ ಬಿಟ್ಟು ಬರುವವರಿಗೆ ಬರೀ ಚಪ್ಪಾಳೆ ಕೊಡುವುದು ಅನ್ಯಾಯ.

ಕನ್ನಡ ಗೊತ್ತಿಲ್ಲದ ಶಿಕ್ಷಕರನ್ನು ಕನ್ನಡ ಮಾಧ್ಯಮದ ಶಾಲೆಗೆ ಹಾಕಿದಾಗಲೆಲ್ಲ ಇಲ್ಲಿನ ಪೋಷಕರು ಹೋರಾಡಿದ್ದಾರೆ. ಹೋರಾಡಲೇಬೇಕು, ನಾನೂ ಅವರ ಜೊತೆ ಇದ್ದೇನೆ. ಆದರೆ ಆ ಕನ್ನಡದಲ್ಲಿ ಮಗು ಏನನ್ನು ಓದುತ್ತಿದೆ ಅಂತಲೂ ಕೇಳೋಣ ಅಲ್ವಾ? ತೋಡು (ಹಳ್ಳ), ಕಟ್ಟ (ಹಳ್ಳಕ್ಕೆ ಹಾಕುವ ಒಡ್ಡು), ಮದಕ (ಮಳೆನೀರು ನಿಲ್ಲಿಸುವ ಕೆರೆ), ದಂಬೆ, ಈ ಮಾತುಗಳು ಮಗುವಿನ ನೋಟ್‌ಬುಕ್ಕಿಗೆ ಬರುವುದು ಯಾವಾಗ?

ಊರಿನ ಪಾಠ ಅಂದರೆ ಬರೀ ಚಂದದ ಸಂಗತಿ ಅಂತಲೂ ತಿಳಿಯಬೇಡಿ. ಇಲ್ಲಿನ ಗೇರು ತೋಟಗಳ ಮೇಲೆ ಸುಮಾರು ಎರಡು ದಶಕ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದರು. ಅದು ನಿಂತದ್ದು 2000ದ ಹೊತ್ತಿಗೆ. ದೇಶದಲ್ಲಿ ಅದರ ಬಳಕೆಗೆ ಸುಪ್ರೀಂ ಕೋರ್ಟ್ ತಡೆ ಹಾಕಿದ್ದು 2011ರಲ್ಲಿ. ಹಾಸಿಗೆಯಿಂದ ಏಳಲಾಗದ ಅಣ್ಣನೋ ಅಕ್ಕನೋ ಮನೆಯಲ್ಲಿರುವ ಮಕ್ಕಳು ನಮ್ಮ ಶಾಲೆಗಳಲ್ಲಿ ಕೂತಿದ್ದಾರೆ. ಕೀಟನಾಶಕದ ಪಾಠವನ್ನು ಅವರ ಮುಂದೆ ಎರಡು ಅಂಕದ ಪ್ರಶ್ನೆ ಮಾಡಿ ಮುಗಿಸಲು ನನಗೆ ಮನಸ್ಸು ಬರುವುದಿಲ್ಲ.

ಪೋರ್ಶನ್ ಮುಗಿಯಲ್ಲ ಅಂತ ಸಹೋದ್ಯೋಗಿಗಳು ಹೇಳುತ್ತಾರೆ. ಅವರ ಕಷ್ಟ ನನಗೆ ಗೊತ್ತು, ನನ್ನದೂ ಅದೇ. ಆದರೆ ಆ ಮೂರು ಕೋಲುಗಳ ದಿನ ಅಳತೆಯ ಒಂದು ಪಾಠ ಪೂರ್ತಿ ಮುಗಿದಿತ್ತು.

ಈಗ ಡಿಸೆಂಬರ್. ಶಾಲೆಯ ಕೆಳಗಿನ ತೋಡಿಗೆ ಊರಿನವರು ಕಲ್ಲು ಮಣ್ಣು ಹಾಕಿ ಕಟ್ಟ ಕಟ್ಟುತ್ತಿದ್ದಾರೆ. ಕಟ್ಟದ ಹತ್ತಿರದ ಬಾವಿಗೆ ಮಕ್ಕಳು ಪ್ರತಿ ಶುಕ್ರವಾರ ಗಂಟು ಹಾಕಿದ ಹಗ್ಗ ಇಳಿಸಿ ನೀರಿನ ಮಟ್ಟ ಬರೆದಿಡುತ್ತಿದ್ದಾರೆ. ಮೇ ತಿಂಗಳವರೆಗೂ ಬರೆಯಬೇಕು ಅಂತ ಅವರೇ ತೀರ್ಮಾನ ಮಾಡಿದ್ದಾರೆ. ಏಪ್ರಿಲ್, ಮೇಯಲ್ಲಿ ಶಾಲೆಗೆ ರಜೆ. ಹಗ್ಗ ಯಾರ ಮನೆಯಲ್ಲಿ ಇರಬೇಕು ಅನ್ನುವುದೊಂದು ಇನ್ನೂ ಇತ್ಯರ್ಥವಾಗಿಲ್ಲ.